ಸ್ಪ್ಲೆಂಡರ್ ಬೈಕಿಗೆ ಹೊಸ ಆಯಿಲ್ ಡ್ರೈನ್ ಬೋಲ್ಟ್: ಅಳತೆಯಿಂದ ಜೋಡಣೆಯವರೆಗೆ

ನಮ್ಮ ಮನೆಯಲ್ಲಿರುವ ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್‌ನ ಎಂಜಿನ್ ಅಡಿಯ, ಹಳೆಯ ಎಣ್ಣೆ ಹೊರಬಿಡಲು ಬಿಚ್ಚುವ ಆಯಿಲ್ ಡ್ರೈನ್ ಬೋಲ್ಟ್ ತನ್ನ ಆರೂ ಮೂಲೆಗಳನ್ನು ಕಳೆದುಕೊಂಡು ಹೆಚ್ಚುಕಡಿಮೆ ಗುಂಡಗಾಗಿತ್ತು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಸರಿಯಾದ ಸ್ಪ್ಯಾನರ್ ಬದಲು ಸ್ಕ್ರೂ ಸ್ಪ್ಯಾನರ್ ಕಚ್ಚಿಸಿ ತಿರುಗಿಸಿದ್ದರ ಗುರುತುಗಳು ಅದರ ಮೇಲೆ ಸ್ಪಷ್ಟವಾಗಿದ್ದವು. ತಲೆಯ ಸುತ್ತ ಎಣ್ಣೆ ಜಿನುಗಿ, ಅದಕ್ಕೆ ರಸ್ತೆಯ ಧೂಳು ಮೆತ್ತಿಕೊಂಡು, ಬೆರಳಿನಿಂದ ಕೆರೆದರೆ ಕಪ್ಪು ಮೇಣದಂತೆ ಎದ್ದು ಬರುತ್ತಿತ್ತು. ಆ ಮೇಣವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದ ಮೇಲೆ, ಒಂದು ವಾಷರ್ ಇರಬೇಕಾದಲ್ಲಿ ಎರಡು ವಾಷರ್‌ಗಳನ್ನು ಒಂದರ ಮೇಲೊಂದು ಕೂರಿಸಿ ಬಿಗಿದಿರುವುದು ಕಾಣಿಸಿತು. ಸೋರಿಕೆ ನಿಲ್ಲಲಿಲ್ಲವೆಂದು ಇನ್ನೊಂದು ವಾಷರ್, ಆಗಲೂ ನಿಲ್ಲಲಿಲ್ಲವೆಂದು ಇನ್ನಷ್ಟು ಬಿಗಿತ ಎಂಬ ಕ್ರಮದಲ್ಲಿ ಕೆಲಸ ನಡೆದಿರಬೇಕೆಂದು ಊಹಿಸಿದೆ.

ಈ ಬೋಲ್ಟ್ ಒಂದು ಮಸಾಲೆ ದೋಸೆಯ ದುಡ್ಡಿಗೆ ಸಿಗುವ ವಸ್ತು. ಆದರೆ ಅದು ಹೋಗಿ ಕೂರುವ ಜಾಗ ಅಷ್ಟು ಅಗ್ಗದ್ದಲ್ಲ. ಬೋಲ್ಟ್ ಉಕ್ಕಿನದು, ಅದನ್ನು ಹಿಡಿದುಕೊಳ್ಳುವ ಎಂಜಿನ್ ಚೇಂಬರ್ ಅಲ್ಯೂಮಿನಿಯಂ ಎರಕದ್ದು. ತಪ್ಪು ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಸೋಲುವುದು ಯಾವಾಗಲೂ ಅಲ್ಯೂಮಿನಿಯಂ. ಒಳಗಿನ ಥ್ರೆಡ್ (ಬೋಲ್ಟ್ ಕಚ್ಚಿಕೊಳ್ಳುವ ಸುರುಳಿಯಾಕಾರದ ಏಣುಗಳು) ಕಿತ್ತು ಬಂದರೆ ಮುಂದಿನ ದಾರಿ ಎಂದರೆ ಲೇತ್ ಅಂಗಡಿ, ಹೆಲಿಕಾಯಿಲ್ (ಹಾಳಾದ ಥ್ರೆಡ್ ಬದಲು ರಂಧ್ರದೊಳಗೆ ಕೂರಿಸುವ ತಂತಿ ಸುರುಳಿ), ಅದೂ ಆಗದಿದ್ದರೆ ಎಂಜಿನ್ ಬಿಚ್ಚಿ ಚೇಂಬರಿನ ಅರ್ಧಭಾಗವನ್ನೇ ಬದಲಾಯಿಸುವುದು. ಆದ್ದರಿಂದ ಅಂಗಡಿಯವರ ಕಣ್ಣಳತೆಗೆ ಬಿಟ್ಟು ಬೋಲ್ಟ್ ತರುವುದು ಬೇಡ, ಹಳೆಯದನ್ನು ಮೊದಲು ಬಿಚ್ಚಿ, ಅಳೆದು, ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡೇ ಹೊರಡಬೇಕು ಎಂದು ನಿರ್ಧರಿಸಿದೆ.

ಮೊದಲ ತೊಡಕು ಬಿಚ್ಚುವುದರಲ್ಲೇ ಇತ್ತು. ಸ್ಪ್ಲೆಂಡರ್‌ನ ಡ್ರೈನ್ ಬೋಲ್ಟ್‌ಗೆ 17ರ ಸ್ಪ್ಯಾನರ್ ಬೇಕು. ಸಾಮಾನ್ಯ ರಿಂಗ್ ಸ್ಪ್ಯಾನರ್‌ಗೆ ಒಳಗೆ ಹನ್ನೆರಡು ಮೂಲೆಗಳಿರುತ್ತವೆ. ಅದು ಬೋಲ್ಟಿನ ಮೂಲೆಗಳ ತುದಿಯನ್ನಷ್ಟೇ ಹಿಡಿಯುವುದರಿಂದ, ಸವೆದ ತಲೆಯ ಮೇಲೆ ಅದನ್ನು ಪ್ರಯೋಗಿಸುವುದೆಂದರೆ ಉಳಿದದ್ದನ್ನೂ ಸವೆಸಿದಂತೆ. ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಚಪ್ಪಟೆ ಬದಿಗಳನ್ನು ಹಿಡಿಯುತ್ತದಾದ್ದರಿಂದ ಎಷ್ಟೋ ಮೇಲು. ನನ್ನ ಬೋಲ್ಟಿನಲ್ಲಿ ಅದೂ ಜಾರಿತು. ಆಗ ಎದುರುಬದುರಾದ ಎರಡು ಬದಿಗಳನ್ನು ಚಪ್ಪಟೆ ಅರದಿಂದ ನಿಧಾನವಾಗಿ ಉಜ್ಜಿ, ನಡುವಿನ ಅಂತರವನ್ನು 16 ಮಿ.ಮೀ.ಗೆ ಇಳಿಸಿ, 16ರ ಓಪನ್ ಸ್ಪ್ಯಾನರನ್ನು ಬಿಗಿಯಾಗಿ ಕೂರಿಸುವ ಉಪಾಯ ಕೆಲಸಕ್ಕೆ ಬಂತು. ಇಲ್ಲಿ ಆತುರ ಸಲ್ಲದು. ನಾಲ್ಕಾರು ಬಾರಿ ಉಜ್ಜಿದ ಮೇಲೆ ಸ್ಪ್ಯಾನರ್ ಹಾಕಿ ನೋಡಬೇಕು. ಅದು ತಾನಾಗಿ ಸಲೀಸಾಗಿ ಒಳಗೆ ಹೋಗುವಷ್ಟು ಉಜ್ಜಿದರೆ ಮತ್ತೆ ಜಾರುತ್ತದೆ, ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಮಾತ್ರ ಕೂರುವಂತಿರಬೇಕು. ಉಜ್ಜುವಾಗ ಉದುರುವ ಪುಡಿಯ ಚಿಂತೆ ಬೇಡ, ಏಕೆಂದರೆ ಬೋಲ್ಟ್ ಇನ್ನೂ ತನ್ನ ಜಾಗದಲ್ಲೇ ಇರುವುದರಿಂದ ಎಂಜಿನ್ ಒಳಗೆ ಏನೂ ಹೋಗುವುದಿಲ್ಲ. ಬಿಚ್ಚುವ ಮೊದಲು ಒಮ್ಮೆ ಒರೆಸಿದರೆ ಸಾಕು.

ದಿಕ್ಕಿನ ವಿಷಯವನ್ನೂ ಹೇಳಿಬಿಡಬೇಕು. ಬೋಲ್ಟಿನ ತಲೆ ನೆಲದ ಕಡೆಗಿರುವುದರಿಂದ, ಬೈಕಿನ ಪಕ್ಕದಲ್ಲಿ ಕುಳಿತು ಮೇಲಿನಿಂದ ಕೈ ಹಾಕಿದವರಿಗೆ ಎಡಬಲ ಅದಲುಬದಲಾಗಿ ತೋರುತ್ತದೆ. ತಲೆಯನ್ನು ಎದುರಿಗೆ ಇಟ್ಟುಕೊಂಡು ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಬಿಚ್ಚುತ್ತಿದ್ದೇವೆಂದು ಭಾವಿಸಿ ಬಿಗಿಯುತ್ತಲೇ ಹೋಗಿ ಥ್ರೆಡ್ ಕಿತ್ತ ಎಂಜಿನ್‌ಗಳು ಕಡಿಮೆಯೇನಿಲ್ಲ. ಕೆಳಗೆ ಬಗ್ಗಿ ತಲೆಯನ್ನೇ ನೇರವಾಗಿ ನೋಡಿದರೆ ಗೊಂದಲವಿರುವುದಿಲ್ಲ. ಎಂಜಿನ್ ಉಗುರುಬೆಚ್ಚಗಿದ್ದರೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ, ಆದರೆ ಆಗಷ್ಟೇ ಓಡಿಸಿ ಬಂದ ಸುಡುವ ಎಂಜಿನ್ ಮೇಲೆ ಈ ಕೆಲಸ ಮಾಡಬಾರದು; ಕೈ ಸುಡುವುದು ಒಂದು ಕಡೆ, ಬಿಸಿಯಲ್ಲಿ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಬಿಗಿತದ ಅಂದಾಜು ತಪ್ಪುವುದು ಇನ್ನೊಂದು ಕಡೆ.

ಬೋಲ್ಟ್ ಹೊರಬಂದ ಮೇಲೆ ಅಳತೆಯ ಕೆಲಸ. ಇದರಲ್ಲಿ ತಿಳಿದುಕೊಳ್ಳಬೇಕಾದದ್ದು ನಾಲ್ಕು: ಥ್ರೆಡ್‌ನ ವ್ಯಾಸ, ಪಿಚ್, ತಲೆಯ ಅಡಿಯಿಂದ ತುದಿಯವರೆಗಿನ ಉದ್ದ, ಮತ್ತು ವಾಷರ್ ಕೂರುವ ಅಂಚಿನ ಅಗಲ. ತಲೆಯ ಅಳತೆ ಈ ಪಟ್ಟಿಯಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಹೋಂಡಾ ಸಿಟಿ ಕಾರಿನ ಡ್ರೈನ್ ಬೋಲ್ಟ್‌ಗೂ 17ರ ಸ್ಪ್ಯಾನರೇ ಬೇಕು, ಆದರೆ ಅದರ ಥ್ರೆಡ್ 14 ಮಿ.ಮೀ.; ಅಂಗಡಿಗೆ ಹೋಗಿ ‘17ರ ಡ್ರೈನ್ ಬೋಲ್ಟ್ ಕೊಡಿ’ ಎಂದರೆ ಕೈಗೆ ಬರುವುದು ಏನು ಬೇಕಾದರೂ ಆಗಬಹುದು.

ವರ್ನಿಯರ್ ಕ್ಯಾಲಿಪರ್‌ನಿಂದ ಥ್ರೆಡ್‌ನ ಹೊರಮೈ ಅಳೆದಾಗ 12ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬಂತು. ಅದು ಸಹಜ, 12 ಮಿ.ಮೀ. ಬೋಲ್ಟ್ ಎಂದು ಕರೆಯಲಾಗುವುದರ ಹೊರಮೈ ಸಾಮಾನ್ಯವಾಗಿ 11.8ರ ಆಸುಪಾಸಿನಲ್ಲಿರುತ್ತದೆ. ನಿಜವಾದ ಪ್ರಶ್ನೆ ಇರುವುದು ಪಿಚ್‌ನಲ್ಲಿ, ಅಂದರೆ ಒಂದು ಏಣಿಂದ ಪಕ್ಕದ ಏಣಿಗಿರುವ ಅಂತರದಲ್ಲಿ. 12 ಮಿ.ಮೀ. ಬೋಲ್ಟ್‌ಗಳು ನಮ್ಮ ಮಾರುಕಟ್ಟೆಯಲ್ಲಿ ಮೂರು ಪಿಚ್‌ಗಳಲ್ಲಿ ಸಿಗುತ್ತವೆ. ಹಾರ್ಡ್‌ವೇರ್ ಅಂಗಡಿಯ ಡಬ್ಬಿಯಲ್ಲಿರುವ ಸಾಧಾರಣ ಬೋಲ್ಟ್ 1.75 ಪಿಚ್‌ನದು. ಜಪಾನಿ ಮೂಲದ ವಾಹನಗಳ ಅನೇಕ ಕಡೆ ಬಳಕೆಯಾಗುವುದು 1.25. ಹೋಂಡಾ ತನ್ನ ಸಣ್ಣ ಎಂಜಿನ್‌ಗಳ ಡ್ರೈನ್ ಬೋಲ್ಟ್‌ಗೆ ಇಟ್ಟಿರುವುದು ಇವೆರಡರ ನಡುವಿನ 1.5. ಒಂದೊಂದೇ ಏಣಿನ ಅಂತರವನ್ನು ಅಳೆಯಲು ಹೊರಟರೆ ಕಾಲು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಮೊದಲ ಏಣಿಂದ ಆರನೆಯ ಏಣಿನವರೆಗಿನ ಐದು ಅಂತರಗಳನ್ನು ಒಟ್ಟಿಗೆ ಅಳೆಯಬೇಕು. ಅದು 7.5 ಮಿ.ಮೀ. ಬಂದರೆ ಪಿಚ್ 1.5; 6.25 ಬಂದರೆ 1.25, 8.75 ಬಂದರೆ 1.75. ನನ್ನ ಬೋಲ್ಟ್‌ನಲ್ಲಿ 7.5 ಬಂತು.

ವರ್ನಿಯರ್ ಇಲ್ಲದವರಿಗೆ ಇನ್ನೊಂದು ಪರೀಕ್ಷೆ ಇದೆ, ನಾನು ಅದನ್ನೂ ಮಾಡಿ ನೋಡಿದೆ. ಕಾರಿನ ಚಕ್ರದ ನಟ್ಟುಗಳು ಒಳ್ಳೆಯ ಅಳತೆಗೋಲುಗಳು. ಟೊಯೋಟಾ ಇನ್ನೋವಾ ಮತ್ತು ಹೋಂಡಾ ಸಿಟಿಯ ಚಕ್ರದ ನಟ್ಟುಗಳ ಥ್ರೆಡ್ 12 ಮಿ.ಮೀ. ವ್ಯಾಸ, 1.5 ಪಿಚ್, ಮಾರುತಿ ಸ್ವಿಫ್ಟ್‌ನ ನಟ್ಟು 12 ಮಿ.ಮೀ. ವ್ಯಾಸದ್ದೇ ಆದರೂ 1.25 ಪಿಚ್. ಪಂಕ್ಚರ್ ಅಂಗಡಿಯಲ್ಲಿ ಎರಡೂ ಬಗೆಯವು ಬಿದ್ದಿರುತ್ತವೆ. ಬೋಲ್ಟನ್ನು ಚೆನ್ನಾಗಿ ಒರೆಸಿ ಇನ್ನೋವಾ ನಟ್ಟಿಗೆ ಬೆರಳಿನಿಂದ ತಿರುಗಿಸಿದಾಗ ಅದು ತಡೆಯಿಲ್ಲದೆ ಪೂರ್ತಿ ಒಳಗೆ ಇಳಿಯಿತು. ಸ್ವಿಫ್ಟ್ ನಟ್ಟಿಗೆ ಹಾಕಿದಾಗ ಮೊದಲ ಒಂದೆರಡು ಸುತ್ತು ಹೋಗಿ, ಅಲ್ಲಿಂದಾಚೆ ಕಲ್ಲಿಗೆ ತಗುಲಿದಂತೆ ನಿಂತುಬಿಟ್ಟಿತು. ಅಪಾಯವಿರುವುದು ಆ ಒಂದೆರಡು ಸುತ್ತುಗಳಲ್ಲೇ. ತಪ್ಪು ಪಿಚ್‌ನ ಬೋಲ್ಟ್ ಮೊದಲು ಸರಿಯಾದದ್ದರಂತೆಯೇ ಒಳಹೋಗುತ್ತದೆ. ಆಮೇಲೆ ಬಿಗಿಯಾದಾಗ, ಹೊಸ ಬೋಲ್ಟ್ ಅಲ್ಲವೇ, ಸ್ವಲ್ಪ ಬಿಗಿಯಿರುವುದು ಸಹಜವೆಂದುಕೊಂಡು ಸ್ಪ್ಯಾನರ್ ಹಾಕುತ್ತೇವೆ. ಉಕ್ಕಿನ ನಟ್ಟು ಆ ಬಲವನ್ನು ತಡೆದು ನಿಲ್ಲಿಸುತ್ತದೆ, ಅಲ್ಯೂಮಿನಿಯಂ ಚೇಂಬರ್ ನಿಲ್ಲಿಸುವುದಿಲ್ಲ; ಅದು ಬಾಗಿ, ಹರಿದು, ದಾರಿ ಬಿಟ್ಟುಕೊಡುತ್ತದೆ.

ಉದ್ದವನ್ನು ಅಳೆಯುವಾಗ ತಲೆಯನ್ನು ಬಿಟ್ಟು, ವಾಷರ್ ಕೂರುವ ಮಟ್ಟದಿಂದ ತುದಿಯವರೆಗೆ ಅಳೆಯಬೇಕು. ಹೊಸ ಬೋಲ್ಟ್ ಇದಕ್ಕಿಂತ ಗಿಡ್ಡವಾಗಿದ್ದರೆ ಕಡಿಮೆ ಏಣುಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ. ಉದ್ದವಾಗಿದ್ದರೆ ತುದಿ ಒಳಗೆ ಚಾಚಿಕೊಂಡು ಇರಬಾರದ ಜಾಗದಲ್ಲಿ ತಗುಲಬಹುದು. ಎರಡು ವಾಷರ್ ಹಾಕುವುದರ ದೋಷವೂ ಇದೇ ಲೆಕ್ಕಕ್ಕೆ ಬರುತ್ತದೆ: ಒಂದೊಂದು ವಾಷರ್ ಸೇರಿದಂತೆ ಬೋಲ್ಟ್ ಅಷ್ಟಷ್ಟು ಹೊರಗೆ ನಿಲ್ಲುತ್ತದೆ, ಒಂದು ಏಣಿನ ಹಿಡಿತ ಹೋಗುತ್ತದೆ, ಸೋರುವ ಮೇಲ್ಮೈಗಳೂ ಎರಡರಿಂದ ಮೂರಾಗುತ್ತವೆ.

ಈ ಅಳತೆಗಳ ಚೀಟಿ ಮತ್ತು ಹಳೆಯ ಬೋಲ್ಟನ್ನು ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಸ್ಪ್ಲೆಂಡರ್ 1994ರಿಂದ ಓಡುತ್ತಿರುವ ಗಾಡಿ. ಅದಕ್ಕೂ ಮೊದಲು ಬಂದ ಸಿಡಿ 100, ಆಮೇಲೆ ಬಂದ ಪ್ಯಾಶನ್ ಎಲ್ಲವೂ 97.2 ಸಿಸಿಯ ಅದೇ ಎಂಜಿನ್ ವಂಶಕ್ಕೆ ಸೇರಿದವು. ಆದ್ದರಿಂದ ಬಿಡಿಭಾಗಕ್ಕೆ ಬರವಿಲ್ಲ, ಬರವಿರುವುದು ಖಚಿತತೆಗೆ. ‘ಸ್ಪ್ಲೆಂಡರ್‌ದಾ? ಎಲ್ಲಾ ಒಂದೇ ಸಾರ್, ಹಾಕ್ಕೊಳಿ’ ಎಂದು ಮೊದಲ ಅಂಗಡಿಯವರು ಡಬ್ಬಿಯಿಂದ ಒಂದನ್ನು ತೆಗೆದು ಗಾಜಿನ ಮೇಲಿಟ್ಟರು. ಕವರು, ಹೆಸರು, ನಂಬರು ಯಾವುದೂ ಇಲ್ಲದ ಬಿಡಿ ಮಾಲು. ಎರಡು ಬೋಲ್ಟ್‌ಗಳ ಏಣುಗಳನ್ನು ಒಂದರೊಳಗೊಂದು ಹೊಂದಿಸಿ ಬೆಳಕಿಗೆ ಹಿಡಿದು ನೋಡಿದೆ. ಪಿಚ್ ಒಂದೇ ಆಗಿದ್ದರೆ ಏಣುಗಳು ಪೂರ್ತಿ ಉದ್ದಕ್ಕೂ ಕಚ್ಚಿಕೊಂಡು ನಡುವೆ ಬೆಳಕು ನುಸುಳುವುದಿಲ್ಲ. ಬೇರೆಯಾಗಿದ್ದರೆ ಮೂರನೆಯ ನಾಲ್ಕನೆಯ ಏಣಿನ ಹೊತ್ತಿಗೆ ಒಂದರ ಮೇಲೊಂದು ಹತ್ತಿ ಕೂರುತ್ತವೆ. ಇದರಲ್ಲಿ ಪಿಚ್ ಸರಿಯಾಗಿಯೇ ಇತ್ತು. ಆದರೆ ತಲೆಯ ಅಡಿಯ ಅಂಚು ಸಮತಟ್ಟಾಗಿರದೆ, ಲೇತ್ ಉಳಿಯ ಗೆರೆಗಳು ಉಗುರಿಗೆ ತಾಗುವಷ್ಟು ಆಳವಾಗಿದ್ದವು. ವಾಷರ್ ಕೂರುವ ಜಾಗವೇ ಒರಟಾಗಿದ್ದರೆ ಎಣ್ಣೆ ಆ ಗೆರೆಗಳ ಸುಳಿಯಲ್ಲೇ ಸುತ್ತಿಕೊಂಡು ಹೊರಬರುತ್ತದೆ. ಅದನ್ನು ಬೇಡವೆಂದೆ.

ಮುಂದಿನ ಅಂಗಡಿಯಲ್ಲಿ ತೋರಿಸಿದ್ದು ಮ್ಯಾಗ್ನೆಟ್ ಇರುವ ಬೋಲ್ಟ್. ಎಣ್ಣೆಯಲ್ಲಿ ತೇಲುವ ಕಬ್ಬಿಣದ ಸೂಕ್ಷ್ಮ ಪುಡಿಯನ್ನು ಹಿಡಿದಿಡುವುದು ಅದರ ಉದ್ದೇಶ. ಕೆಲವು ಬೈಕುಗಳಿಗೆ ಕಂಪನಿಯೇ ಅದನ್ನು ಹಾಕಿ ಕೊಡುತ್ತದೆ, ಆಲೋಚನೆಯಲ್ಲಿ ತಪ್ಪೇನಿಲ್ಲ. ಆದರೆ ನನಗೆ ತೋರಿಸಿದ್ದರಲ್ಲಿ ಮ್ಯಾಗ್ನೆಟ್ ತುಂಡನ್ನು ಬೋಲ್ಟಿನ ತುದಿಗೆ ಅಂಟಿನಿಂದ ಕೂರಿಸಲಾಗಿತ್ತು, ಅಂಟು ಅಂಚಿನಲ್ಲಿ ಹೊರಗೆ ಉಬ್ಬಿಕೊಂಡೂ ಇತ್ತು. ಬಿಸಿ ಎಣ್ಣೆಯಲ್ಲಿ ವರ್ಷಾನುಗಟ್ಟಲೆ ಮುಳುಗಿರಬೇಕಾದ ಅಂಟಿನ ಮೇಲೆ ನನಗೆ ಭರವಸೆ ಹುಟ್ಟಲಿಲ್ಲ. ಆ ತುಂಡು ಕಳಚಿದರೆ ಅದು ಬೀಳುವುದು ಎಂಜಿನ್ ಒಳಕ್ಕೆ. ಸ್ಪ್ಲೆಂಡರ್‌ನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲದಿದ್ದರೂ ಜಾಲರಿಯೂ, ತಿರುಗುವ ರಭಸದಿಂದಲೇ ಕಸವನ್ನು ಅಂಚಿಗೆ ತಳ್ಳಿ ಹಿಡಿಯುವ ಸೆಂಟ್ರಿಫ್ಯೂಗಲ್ ಫಿಲ್ಟರೂ ಇವೆ. ಆ ಫಿಲ್ಟರನ್ನು ಆಗಾಗ ಬಿಚ್ಚಿ ತೊಳೆಸುವುದು ಮ್ಯಾಗ್ನೆಟ್‌ಗಿಂತ ಹೆಚ್ಚು ಉಪಯೋಗದ ಕೆಲಸವೆಂಬುದು ನನ್ನ ಅಭಿಪ್ರಾಯ.

ಅಲ್ಲೇ ಬಣ್ಣಬಣ್ಣದ ಅಲ್ಯೂಮಿನಿಯಂ ಬೋಲ್ಟ್‌ಗಳನ್ನೂ ತೂಗುಹಾಕಿದ್ದರು. ಅವುಗಳ ತಲೆ ಉಕ್ಕಿನ ಸ್ಪ್ಯಾನರ್‌ಗೆ ಬಹುಕಾಲ ತಡೆಯುವುದಿಲ್ಲ. ಸ್ಟೇನ್‌ಲೆಸ್ ಉಕ್ಕಿನದು ತುಕ್ಕು ಹಿಡಿಯುವುದಿಲ್ಲವೆಂದು ಕೆಲವರು ಹುಡುಕುತ್ತಾರೆ, ಆದರೆ ಡ್ರೈನ್ ಬೋಲ್ಟ್‌ನ ತೊಂದರೆ ತುಕ್ಕಿನದಲ್ಲ. ಒಳಬದಿ ಸದಾ ಎಣ್ಣೆಯಲ್ಲೇ ಇರುತ್ತದೆ. ಇನ್ನೂ ಗಟ್ಟಿ ದರ್ಜೆಯ ಬೋಲ್ಟ್ ಬೇಕೆನ್ನುವುದಕ್ಕೂ ಅರ್ಥವಿಲ್ಲ, ಏಕೆಂದರೆ ಇಲ್ಲಿ ಮೊದಲು ಹರಿಯುವುದು ಬೋಲ್ಟಿನ ಥ್ರೆಡ್ ಅಲ್ಲ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಎಂಜಿನ್‌ಗಳಿಂದ ಬಿಚ್ಚಿದವೂ ಸಿಗುತ್ತವೆ. ಬೋಲ್ಟ್ ಸಿಗದ ಅಪರೂಪದ ಗಾಡಿಗಳಿಗೆ ಅದು ಒಳ್ಳೆಯ ದಾರಿ, ಸ್ಪ್ಲೆಂಡರ್‌ಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಕೊನೆಗೆ ಕೊಂಡದ್ದು ಕಂಪನಿಯ ಮುದ್ರೆಯಿರುವ ಕವರಿನಲ್ಲಿ ಬರುವ ಬೋಲ್ಟನ್ನೇ. ಹೋಂಡಾದ ಕ್ಯಾಟಲಾಗಿನಲ್ಲಿ 12 ಮಿ.ಮೀ. ಡ್ರೈನ್ ಬೋಲ್ಟ್‌ನ ಸಂಖ್ಯೆ 92800-12000, ಅದರ ವಾಷರ್‌ನದು 94109-12000. ಕೊನೆಯ ಐದಂಕಿಯ ಮೊದಲೆರಡು ಅಂಕಿಗಳು ಅಳತೆಯನ್ನು ಸೂಚಿಸುತ್ತವೆ, 14 ಮಿ.ಮೀ. ವಾಷರ್‌ನ ಸಂಖ್ಯೆ 94109-14000 ಎಂದಿರುತ್ತದೆ. ಕೌಂಟರಿನಲ್ಲಿ ಗಾಡಿಯ ಹೆಸರಿನ ಬದಲು ಸಂಖ್ಯೆಯನ್ನು ಹೇಳಿದಾಗ ಮಾತುಕತೆ ಚಿಕ್ಕದಾಗುತ್ತದೆ. ಸಂಖ್ಯೆ ಸರಿಯಿದ್ದರೂ ಕವರನ್ನು ಅಲ್ಲೇ ಒಡೆದು, ಹಳೆಯ ಬೋಲ್ಟಿನ ಪಕ್ಕದಲ್ಲಿಟ್ಟು, ಏಣುಗಳನ್ನು ಬೆಳಕಿಗೆ ಹಿಡಿದು, ಉದ್ದ ನೋಡಿಯೇ ದುಡ್ಡು ಕೊಟ್ಟೆ. ವಾಷರ್‌ಗಳನ್ನು ಕೆಲವು ಹೆಚ್ಚಾಗಿಯೇ ತೆಗೆದುಕೊಂಡೆ, ಏಕೆಂದರೆ ಪ್ರತಿ ಆಯಿಲ್ ಬದಲಾವಣೆಗೂ ಹೊಸದು ಹಾಕುವುದು ಕ್ರಮ. ಈ ಅಲ್ಯೂಮಿನಿಯಂ ವಾಷರ್ ಒಮ್ಮೆ ಅದುಮಿಕೊಂಡು ತನ್ನ ಎರಡೂ ಬದಿಯ ಮೇಲ್ಮೈಗಳ ಏರುತಗ್ಗನ್ನು ತುಂಬಿಕೊಳ್ಳುತ್ತದೆ. ಎರಡನೆಯ ಸಲ ಅದೇ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡುವುದಿಲ್ಲ. ಅದು ಸಿಗದಿದ್ದರೆ ಡೀಸೆಲ್ ಪಂಪ್ ರಿಪೇರಿ ಅಂಗಡಿಗಳಲ್ಲಿ 12 ಮಿ.ಮೀ. ಒಳವ್ಯಾಸದ ತಾಮ್ರದ ವಾಷರ್ ಸಿಗುತ್ತದೆ. ತಾಮ್ರದ್ದನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗುವುದರಿಂದ ಮರುಬಳಕೆಗೂ ಬರುತ್ತದೆ. ಅಲ್ಯೂಮಿನಿಯಂ ವಾಷರ್‌ಗೆ ಈ ಪ್ರಯೋಗ ಬೇಡ; ಅದು ಕೆಂಪಾಗುವ ಮುನ್ಸೂಚನೆಯನ್ನೇ ಕೊಡದೆ ಸುಮಾರು 660 ಡಿಗ್ರಿಯಲ್ಲಿ ಕರಗಿಬಿಡುತ್ತದೆ.

ಹೊಸದನ್ನು ಕೂರಿಸುವ ಮುನ್ನ ಚೇಂಬರಿನ ಥ್ರೆಡ್ ಪರೀಕ್ಷಿಸಬೇಕಿತ್ತು. ಟಾರ್ಚ್ ಬಿಟ್ಟು ನೋಡಿದಾಗ ಬಾಯಿಯ ಹತ್ತಿರದ ಮೊದಲ ಏಣು ಸ್ವಲ್ಪ ಮಡಿಚಿಕೊಂಡಿತ್ತು, ಅದರಾಚೆಯವು ಗಟ್ಟಿಯಾಗಿದ್ದವು. ಇದಕ್ಕೆ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹೊಡೆಸಿದರೆ ಒಳ್ಳೆಯ ಲೋಹವೂ ಕೆರೆದು ಹೋಗುವ ಸಂಭವವಿರುವುದರಿಂದ, ಹಳೆಯ ಬೋಲ್ಟನ್ನೇ ಉಪಕರಣವಾಗಿ ಮಾಡಿಕೊಂಡೆ. ಅದರ ಥ್ರೆಡ್ ಚೆನ್ನಾಗಿಯೇ ಇತ್ತು, ಕೆಟ್ಟದ್ದು ತಲೆ ಮಾತ್ರ. ಹ್ಯಾಕ್ಸಾ ಬ್ಲೇಡಿನಿಂದ ತುದಿಯಿಂದ ಮೇಲಕ್ಕೆ, ಥ್ರೆಡ್‌ಗೆ ಅಡ್ಡವಾಗಿ ಮೂರು ಸೀಳುಗಳನ್ನು ಕೊಯ್ದು, ಅಂಚಿನ ಚೂಪನ್ನು ಅರದಿಂದ ತೆಗೆದು, ಸೀಳುಗಳಿಗೆ ಗ್ರೀಸ್ ತುಂಬಿದೆ. ಇದನ್ನು ಬೆರಳಿನಿಂದಲೇ ಒಳಗೆ ತಿರುಗಿಸುತ್ತ, ಬಿಗಿಯೆನಿಸಿದಲ್ಲಿ ಅರ್ಧ ಸುತ್ತು ಹಿಂದಕ್ಕೆ ಬಂದು ಮತ್ತೆ ಮುಂದೆ ಹೋದರೆ, ಮಡಿಚಿದ ಏಣು ನೆಟ್ಟಗಾಗುತ್ತದೆ, ಎದ್ದ ಪುಡಿ ಗ್ರೀಸಿಗೆ ಅಂಟಿಕೊಳ್ಳುತ್ತದೆ. ಹೊರತೆಗೆದಾಗ ಸೀಳುಗಳಲ್ಲಿ ಬೆಳ್ಳನೆಯ ಅಲ್ಯೂಮಿನಿಯಂ ಎಳೆಗಳು ಕಂಡವು. ಒರೆಸಿ, ಹೊಸ ಗ್ರೀಸ್ ತುಂಬಿ, ಎಳೆಗಳು ಬರುವುದು ನಿಲ್ಲುವ ತನಕ ಮಾಡಿದೆ. ಆಮೇಲೆ ಸ್ವಲ್ಪ ಹೊಸ ಎಣ್ಣೆಯನ್ನು ಮೇಲಿನಿಂದ ಸುರಿದು ಕೆಳಗಿನಿಂದ ಹೊರಬಿಟ್ಟರೆ ಉಳಿದ ಕಣಗಳೂ ಕೊಚ್ಚಿಕೊಂಡು ಬರುತ್ತವೆ. ಇದಕ್ಕೆ ಖರ್ಚಾಗುವ ಎಣ್ಣೆಯ ಬಗ್ಗೆ ಜಿಪುಣತನ ಮಾಡಬಾರದು.

ಒಂದು ವೇಳೆ ಥ್ರೆಡ್ ಪೂರ್ತಿ ಹೋಗಿದ್ದರೆ ಹೆಲಿಕಾಯಿಲ್ ಹಾಕಿಸುವುದೇ ಸರಿಯಾದ ದಾರಿ, ಏಕೆಂದರೆ ಆಮೇಲೂ ಅದೇ 12 ಮಿ.ಮೀ. ಬೋಲ್ಟ್ ಬಳಸಬಹುದು, ಅಲ್ಯೂಮಿನಿಯಂ ಬದಲು ಸ್ಟೇನ್‌ಲೆಸ್ ಸುರುಳಿ ಭಾರ ಹೊರುತ್ತದೆ. ರಂಧ್ರವನ್ನು ದೊಡ್ಡದು ಮಾಡಿ 14 ಮಿ.ಮೀ. ಬೋಲ್ಟ್ ಹಾಕುವುದೂ ಚಾಲ್ತಿಯಲ್ಲಿದೆ. ಸುತ್ತಲಿನ ಗೋಡೆ ದಪ್ಪವಿದ್ದರೆ ಅದು ನಡೆಯುತ್ತದೆ. ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ಓವರ್‌ಸೈಜ್ ಬೋಲ್ಟನ್ನು ಮಾತ್ರ ನಾನು ಯಾರಿಗೂ ಸೂಚಿಸುವುದಿಲ್ಲ, ಅದು ಕೊರೆದ ಚೂರುಗಳು ಎಲ್ಲಿಗೆ ಹೋಗುತ್ತವೆಂಬುದನ್ನು ಯೋಚಿಸಿದರೆ ಸಾಕು. ಸೋರಿಕೆಗೆ ಟೆಫ್ಲಾನ್ ಟೇಪ್ ಸುತ್ತುವವರೂ ಇದ್ದಾರೆ. ಇಲ್ಲಿ ಎಣ್ಣೆಯನ್ನು ತಡೆಯುವುದು ವಾಷರ್, ಥ್ರೆಡ್ ಅಲ್ಲ. ಟೇಪಿನ ಚಿಂದಿಗಳು ಆಯಿಲ್ ಜಾಲರಿಗೆ ಹೋಗಿ ಕೂರುವುದರ ಹೊರತು ಅದರಿಂದ ಏನೂ ಆಗುವುದಿಲ್ಲ.

ಜೋಡಿಸುವಾಗ ಬೋಲ್ಟ್ ಮೊದಲಿನಿಂದ ಕೊನೆಯವರೆಗೂ ಬೆರಳಿನಲ್ಲೇ ತಿರುಗಿ, ವಾಷರ್ ಚೇಂಬರಿಗೆ ತಾಗಿದ ಮೇಲಷ್ಟೇ ಸ್ಪ್ಯಾನರ್ ಹಿಡಿಯಬೇಕು. ಬಿಗಿತ 25 ನ್ಯೂಟನ್ ಮೀಟರ್ ಆಸುಪಾಸಿನಲ್ಲಿದ್ದರೆ ಸಾಕು. ನನ್ನಲ್ಲಿ ಟಾರ್ಕ್ ವ್ರೆಂಚ್ ಇಲ್ಲದ ಕಾರಣ, ಪ್ರಯಾಣದ ಚೀಲ ತೂಗುವ ಕೊಕ್ಕೆಯ ತಕ್ಕಡಿಯನ್ನು ಸ್ಪ್ಯಾನರ್‌ಗೆ ಸಿಕ್ಕಿಸಿದೆ. ಬೋಲ್ಟಿನ ನಡುವಿನಿಂದ ಸರಿಯಾಗಿ 20 ಸೆಂ.ಮೀ. ದೂರದಲ್ಲಿ ಕೊಕ್ಕೆ ಹಾಕಿ, ಸ್ಪ್ಯಾನರ್‌ಗೆ ಲಂಬವಾಗಿ ಎಳೆದಾಗ ತಕ್ಕಡಿ ಹನ್ನೆರಡೂವರೆ ಕೆ.ಜಿ. ತೋರಿಸಿದರೆ ಬಿಗಿತ ಸುಮಾರು 24.5 ನ್ಯೂಟನ್ ಮೀಟರ್ ಆಗುತ್ತದೆ. ಎಳೆಯುವಾಗ ಗಮನಕ್ಕೆ ಬಂದದ್ದೇನೆಂದರೆ, ಇದು ನಾವು ಸಾಮಾನ್ಯವಾಗಿ ‘ಟೈಟ್’ ಎಂದುಕೊಳ್ಳುವುದಕ್ಕಿಂತ ಬಹಳ ಕಡಿಮೆ. ಮಣಿಕಟ್ಟಿನ ಬಲವೇ ಸಾಕಾಗುತ್ತದೆ, ಭುಜದ ಬಲ ಬೇಕಾಗಿಲ್ಲ. ಉದ್ದದ ಹ್ಯಾಂಡಲ್ ಇರುವ ಸ್ಪ್ಯಾನರ್ ಹಿಡಿದವರಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಸುಮಾರು 800 ಮಿ.ಲೀ. ಹೊಸ ಎಣ್ಣೆ ಹಾಕಿ, ಬೈಕನ್ನು ಮಧ್ಯದ ಸ್ಟ್ಯಾಂಡಿನಲ್ಲಿ ನೇರವಾಗಿ ನಿಲ್ಲಿಸಿ, ಕೆಲವು ನಿಮಿಷ ಐಡಲ್‌ನಲ್ಲಿ ಓಡಿಸಿ ನಿಲ್ಲಿಸಿದ ಮೇಲೆ ಮಟ್ಟ ನೋಡಿದೆ. ಈ ಎಂಜಿನ್‌ನಲ್ಲಿ ಡಿಪ್‌ಸ್ಟಿಕ್ಕನ್ನು ತಿರುಗಿಸದೆ ಸುಮ್ಮನೆ ಇಳಿಬಿಟ್ಟು ನೋಡಬೇಕು. ತಿರುಗಿಸಿ ಬಿಗಿದು ನೋಡಿದರೆ ಮಟ್ಟ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಬೋಲ್ಟಿನ ಸುತ್ತ ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಒಂದು ಸಣ್ಣ ಓಟ ಮುಗಿಸಿ ಬಂದೆ. ಎಣ್ಣೆ ಜಿನುಗಿದ್ದರೆ ಪೌಡರಿನ ಮೇಲೆ ಆ ಜಾಗದಲ್ಲೇ ಬೂದು ಕಲೆ ಮೂಡುತ್ತದೆ, ಮೇಲಿನ ಗ್ಯಾಸ್ಕೆಟ್‌ನಿಂದ ಇಳಿದು ಬಂದ ಎಣ್ಣೆಯಾದರೆ ಕಲೆ ಮೇಲಿನಿಂದ ಗೆರೆಯಾಗಿ ಬರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡದೆ ಬೋಲ್ಟನ್ನು ಮತ್ತೆ ಬಿಗಿಯಬಾರದು. ಬೋಲ್ಟಿನ ಸುತ್ತ ಪೌಡರ್ ಒಣಗಿಯೇ ಇತ್ತು. ಕ್ಲಚ್ ಕವರಿನ ಗ್ಯಾಸ್ಕೆಟ್ ಕಡೆಯಿಂದ ತೆಳ್ಳನೆಯ ಒಂದು ಗೆರೆ ಮಾತ್ರ ಕಂಡಿತು. ಸೆಂಟ್ರಿಫ್ಯೂಗಲ್ ಫಿಲ್ಟರ್ ತೊಳೆಯಲು ಹೇಗಿದ್ದರೂ ಆ ಕವರನ್ನು ಬಿಚ್ಚಬೇಕಾಗಿರುವುದರಿಂದ ಅದಕ್ಕೆ ಹೊಸ ಗ್ಯಾಸ್ಕೆಟ್ ತಂದಿಟ್ಟಿದ್ದೇನೆ.